ಬಸುರಿ ಮನೆಯ ನಾಯಿಗೆ ಕ್ಷೌರ

ಪತ್ರಿಕೆಯಲ್ಲಿ ಬಹಳ ವರ್ಷ ದುಡಿದವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಯಾರು ಏನೇ ಹೇಳಲಿ, ‘ಇದನ್ನು ಹೇಳಿದವರು ಯಾರು, ಕಣ್ಣಾರೆ ನೋಡಿದವರು ಯಾರು?’ ಎಂದು ಕೇಳದೆ ಇರಲಾಗುವುದಿಲ್ಲ. ಕಚೇರಿಯಲ್ಲಿ ಈ ಚಾಳಿಗೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಬೈಗುಳ ಸಿಗುತ್ತದೆ. ಮದುವೆಯಾದ ಹೊಸದರಲ್ಲಿ ‘ಪಕ್ಕದ ಮನೆಯವರು ರೇಷ್ಮೆ ಸೀರೆ ತಗೊಂಡ್ರಂತೆ’ ಎಂದು ಹೆಂಡತಿ ಆಸೆಯಿಂದ ಹೇಳಿದಾಗ, ‘ಅಂತೆ ಎಂದರೇನು? ನೀನು ನೋಡಿದೆಯಾ?’ ಎಂದು ಕೇಳಿ, ಆ ದಿನದ ಊಟವನ್ನು ನಾನೇ ಬಡಿಸಿಕೊಂಡು ತಿಂದವನು. ಆಮೇಲೂ ಬುದ್ಧಿ ಬರಲಿಲ್ಲ. ಹಾಸನದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ವರದಿ ತಿದ್ದುತ್ತ ಕೂತು, ಕೊನೆಗೆ ಸಕಲೇಶಪುರದ ವರದಿಗಾರನಾಗಿ ಬಂದೆ. ಎಡಕುಮೇರಿ ಕಡೆ ಗುಡ್ಡ ಜರಿದಾಗ ಮಳೆಯಲ್ಲಿ ರೈಲು ಹಳಿಯ ಮೇಲೆ ನಡೆದು ಹೋಗಿ, ಎಷ್ಟು ಮಣ್ಣು ಬಿದ್ದಿದೆ, ಯಾರು ಏನು ಹೇಳಿದರು ಎಂದು ಒದ್ದೆ ಕಾಗದದಲ್ಲಿ ಬರೆದು ತಂದೆ. ಕಣ್ಣಿಗೆ ಕಾಣದ್ದನ್ನು ನಂಬಬಾರದು ಎಂದು ಭಾನುವಾರದ ಪುರವಣಿಗೆ ಆಗಾಗ ಲೇಖನ ಬರೆಯುತ್ತಿದ್ದೆ. ಕರಿಬೆಕ್ಕು, ಒಂಟಿ ಸೀನು, ಅಮಾವಾಸ್ಯೆ ಇವುಗಳ ಮೇಲೆ ನಾನು ಬರೆದದ್ದನ್ನು ಓದಿ ಹೆತ್ತೂರಿನಿಂದ ಒಬ್ಬ ಮೇಷ್ಟರು ಹೊಗಳಿ ಕಾರ್ಡು ಹಾಕಿದ್ದರು. ಇಷ್ಟನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮುಂದೆ ಹೇಳುವುದು ಯಾರ ಕಥೆ ಎಂದು ಓದುಗರಿಗೆ ಮೊದಲೇ ಗೊತ್ತಿರಬೇಕು.

ಮೊಬೈಲು ಇನ್ನೂ ಕೆಲವರ ಜೇಬಿನಲ್ಲಿ ಮಾತ್ರ ಇದ್ದ ಕಾಲ. ಮಗಳು ಆಶಾ ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಮಕ್ಕಳು ತವರಿಗೆ ಬರುವಾಗ ಬಟ್ಟೆ ತರುತ್ತಾರೆ, ಔಷಧಿ ಚೀಟಿ ತರುತ್ತಾರೆ. ಇವಳು ಪಿಂಕಿಯನ್ನೂ ತಂದಳು. ಪಿಂಕಿ ಬಿಳಿ ಬಣ್ಣದ, ಮಡಿಲಿನಲ್ಲಿ ಹಿಡಿಸುವ ಹೆಣ್ಣು ನಾಯಿ. ಮಾರಿದವನು ಅದನ್ನು ಪಾಮೇರಿಯನ್ ಎಂದಿದ್ದನಂತೆ. ನಮ್ಮೂರ ದನದ ಆಸ್ಪತ್ರೆಯ ಡಾಕ್ಟರು ಪೂರ್ತಿ ಪಾಮೇರಿಯನ್ ಅಲ್ಲ, ಏನೋ ಬೆರಕೆ ಎಂದರು. ಎರಡೂ ಹೇಳಿಕೆಗಳನ್ನು ಇಲ್ಲಿ ದಾಖಲಿಸಿದ್ದೇನೆ. ವಾದವಿಲ್ಲದ ಸಂಗತಿಯೆಂದರೆ, ಅಷ್ಟು ಪುಕ್ಕಲು ಪ್ರಾಣಿಯನ್ನು ನಾನು ಹಿಂದೆ ಕಂಡಿರಲಿಲ್ಲ. ಕೊಡೆ ಬಿಚ್ಚಿದರೆ ಮಂಚದ ಕೆಳಗೆ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ. ನಾನು ಪೇಪರಿನ ಹಾಳೆ ತಿರುಗಿಸಿದರೂ ಮಂಚದ ಕೆಳಗೆ. ನಮ್ಮ ಪತ್ರಿಕೆಯ ಸಂಪಾದಕೀಯಕ್ಕೆ ಹೆದರಿದ ಓದುಗ ಜಿಲ್ಲೆಯಲ್ಲಿ ಅದೊಂದೇ.

ಅದು ಮೈ ಮುಟ್ಟಲು ಬಿಡುತ್ತಿದ್ದದ್ದು ಆಶಾಳಿಗೆ ಮಾತ್ರ. ದಿನಾ ಬೆಳಿಗ್ಗೆ ಅವಳು ಬಾಚಣಿಗೆ ಹಿಡಿದು ಕೂತರೆ ಕಣ್ಣು ಮುಚ್ಚಿ ಒರಗುತ್ತಿತ್ತು. ದಿನ ತುಂಬುತ್ತ ಬಂದಂತೆ ಅವಳಿಗೆ ಬಗ್ಗಲು ಆಗಲಿಲ್ಲ. ಉಳಿದವರು ಬಾಚಣಿಗೆ ಎತ್ತಿದರೆ ಪಿಂಕಿ ಮಂಚದ ಕೆಳಗೆ. ಹೊರಗೆ ಮಳೆ ಹಿಡಿದಿತ್ತು. ನೆನೆದ ಕೂದಲು ಒಣಗದೆ ಗಂಟಾಯಿತು, ಗಂಟುಗಳು ಸೇರಿ ಉಂಡೆಯಾದವು, ಉಂಡೆಗಳು ಸೇರಿ ಇಡೀ ಮೈ ಹಳೇ ಕೌದಿಯಂತಾಯಿತು. ಒಂದು ದಿನ ಪಿಂಕಿ ಹಾಲು ಅನ್ನ ಮೂಸಿ ನೋಡಿ ಹಾಗೇ ಹೋಗಿ ಮಲಗಿತು. ಮರುದಿನವೂ ತಿನ್ನಲಿಲ್ಲ. ಬಲಗಿವಿಯ ಹಿಂದಿನಿಂದ ಏನೋ ವಾಸನೆ. ಟವೆಲಿನಲ್ಲಿ ಸುತ್ತಿ ಡಾಕ್ಟರ ಹತ್ತಿರ ಒಯ್ದೆ. ಅವರು ಗಂಟು ಸರಿಸಿ ನೋಡಿ ಮುಖ ಸಿಂಡರಿಸಿದರು.

“ಒಳಗೆ ಚರ್ಮ ಕೊಳೀತಾ ಐತೆ ಸಾರ್. ಈ ಮಳೇಲಿ ಹುಳ ಬಿದ್ರೆ ಕಿವಿ ಒಳಕ್ಕೇ ಹೋಗ್ತವೆ. ಮೊದ್ಲು ಈ ಕೂದ್ಲು ಅಷ್ಟೂ ತೆಗಿಸಿ. ಔಷಧಿ ಆಮೇಲೆ.”

“ನೀವೇ ತೆಗೀರಿ.”

“ನನ್ನ ಕತ್ರಿ ದನದ್ದು ಕಣ್ರೀ. ಇದ್ರ ಚರ್ಮನೇ ಕಿತ್ಕೊಂಡು ಬರುತ್ತೆ. ಆಲೂರಲ್ಲಿ ಒಬ್ರು ಹೆಂಗಸು ಅವ್ರೆ, ನಾಯಿಗೆ ಸ್ನಾನ ಕಟಿಂಗ್ ಅದೇ ಕೆಲ್ಸ. ಎಸ್ಟೇಟ್ ನಾಯಿಗಳೆಲ್ಲ ಅಲ್ಲಿಗೇ ಹೋಗೋದು. ನಾಳೆ ನಾಡಿದ್ದು ಅನ್ಬೇಡಿ.”

ಇದನ್ನು ಮನೆಗೆ ಬಂದು ಹೇಳಿದೆ. ಅಲ್ಲಿ ನಮ್ಮ ಅತ್ತೆ ಇದ್ದರು. ಮೊಮ್ಮಗಳ ಬಾಣಂತನಕ್ಕೆಂದು ಹೆತ್ತೂರಿನಿಂದ ಬಂದು ಅಡುಗೆಮನೆಯ ಅಧಿಕಾರ ವಹಿಸಿಕೊಂಡವರು. ನನ್ನೊಡನೆ ಬಹುವಚನ ಬಿಟ್ಟು ಮಾತಾಡಿದವರಲ್ಲ, ನನ್ನ ಮಾತನ್ನು ಕೇಳಿದವರೂ ಅಲ್ಲ.

“ಬಸುರಿ ಇರೋ ಮನೇಲಿ ಬೋಳಿಸೋ ಮಾತಾ?” ಎಂದರು.

ಬಸುರಿಯ ಗಂಡ ಕ್ಷೌರ ಮಾಡಿಸಬಾರದು ಎಂಬುದು ನಮ್ಮ ಕಡೆ ಇರುವ ನಂಬಿಕೆ. ಅದನ್ನು ನಾನು ಬಲ್ಲೆ. ನಾಯಿಯ ವಿಷಯ ಎಲ್ಲಿಯೂ ಕೇಳಿರಲಿಲ್ಲ. “ಅದು ಅಳಿಯನಿಗೆ ತಾನೇ ಅತ್ತೆ? ನಾಯಿಗೂ ಉಂಟು ಅಂತ ಹೇಳಿದವರು ಯಾರು?” ಎಂದು ಕೇಳಿದೆ.

“ಹಿರೀಕರು.”

“ಯಾವ ಹಿರೀಕರು?”

“ನಿಮ್ಮಂಗೆ ಯಾರು ಏನು ಅಂತ ಕೇಳ್ದೆ ಬಾಳಿದ್ರಲ್ಲ, ಆ ಹಿರೀಕರು. ಇದು ಗಂಡನ ಮನೆಯಿಂದ ಹುಡುಗಿ ಮಡ್ಲಾಗೆ ಬಂದ ಜೀವ ಕಣ್ರಪ್ಪ. ಬೋಳು ತಲೆ ಬೆಳಗಾನೆ ಎದ್ರುಗೆ ಓಡಾಡ್ತಿದ್ರೆ ಬಸುರಿಗೆ ಒಳ್ಳೇದಾ? ಹೆರಿಗೆ ಆಗೋಗ್ಲಿ. ಆಮೇಲೆ ನಾಯಿಗಾರ ಬೋಳ್ಸಿ, ನೀವಾರ ಬೋಳಿಸ್ಕಳಿ.”

ಹೆಂಡತಿ ಶಾರದಾ ಯಾರ ಕಡೆಗೂ ಸೇರಲಿಲ್ಲ. ಅವಳು ಹುರುಳಿ ಆರಿಸುವ ಮೊರವನ್ನೇ ನೋಡುತ್ತಿದ್ದಳು. ಒಳಗಿನ ಕೋಣೆಯಲ್ಲಿ ಆಶಾ ಮಂಚದ ಅಂಚಿಗೆ ಕೂತು, ಕೆಳಗೆ ಮಲಗಿದ್ದ ಪಿಂಕಿಗೆ ಕಾಲ ಬೆರಳು ತಾಗಿಸಿಕೊಂಡು ಅಳುತ್ತಿದ್ದಳು. “ಅಪ್ಪ, ಬಗ್ಗಿ ಎತ್ಕೊಳ್ಳೋಕೂ ಆಗ್ತಿಲ್ಲ ನಂಗೆ. ನೀನಾದ್ರೂ ಏನಾದ್ರೂ ಮಾಡು” ಎಂದಳು. ಅವಳೂ ಆ ಹೊತ್ತು ಊಟ ಬಿಟ್ಟಿದ್ದಳು.

ನಾನು ಎದ್ದು ನಡುಮನೆಯಲ್ಲಿ ನಿಂತು ಘೋಷಿಸಿದೆ: “ನಾಳೆ ನಾನು ಕರ್ಕೊಂಡು ಹೋಗ್ತೀನಿ. ಏನಾದ್ರೂ ಆದ್ರೆ ನನ್ನ ತಲೆ ಮೇಲಿರಲಿ.”

“ಬಿಡ್ತು ಅನ್ನಿ!” ಎಂದು ಶಾರದಾ ಮೊರ ಕೆಳಗಿಟ್ಟಳು. “ದಿನ ತುಂಬಿರೋ ಮನೇಲಿ ಏನ್ರೀ ಅದು ‘ಏನಾದ್ರೂ ಆದ್ರೆ’? ಮೊದ್ಲು ಬಿಡ್ತು ಅನ್ನಿ.”

“ಅನ್ನಲ್ಲ” ಎಂದೆ. ಕೆಟ್ಟ ಮಾತು ಆಡಿದ ಬಾಯಲ್ಲೇ ‘ಬಿಡ್ತು’ ಎಂದುಬಿಟ್ಟರೆ ಮಾತು ರದ್ದಾಗುತ್ತದೆ ಎಂಬ ನಂಬಿಕೆಯ ಮೇಲೂ ನಾನು ಒಂದು ಲೇಖನ ಬರೆದಿದ್ದೆ. ಅತ್ತೆ ಗೋಡೆಯ ಕಡೆ ತಿರುಗಿ ಕೂತರು.

ಬೆಳಿಗ್ಗೆ ಪಿಂಕಿಯನ್ನು ಜಿಪ್ ಇರುವ ಚೀಲದಲ್ಲಿ ಇಳಿಸಿ, ಉಸಿರಾಡಲು ತಲೆ ಹೊರಗೆ ಬಿಟ್ಟು ಹಾಸನದ ಬಸ್ಸು ಹತ್ತಿದೆ. ಬಸ್ಸು ಹೊರಡುವ ಮೊದಲೇ ತಲೆ ಒಳಗೆ ಹೋಯಿತು. ಚೀಲ ಒಂದೇ ಸಮನೆ ನಡುಗುತ್ತಿತ್ತು. ಕಂಡಕ್ಟರ್ ಬಂದು ಅದನ್ನೇ ನೋಡಿದ.

“ಏನ್ ಸಾರ್ ಅದು, ಮೋಟ್ರಾ?”

“ನಾಯಿ.”

“ಕಚ್ಚುತ್ತಾ?”

“ಇಲ್ಲ, ಹೆದರುತ್ತೆ.”

“ಹೆದ್ರೋವೇ ಕಚ್ಚೋದು ಸಾರ್. ಧೈರ್ಯ ಇರೋವು ಸುಮ್ನೆ ನೋಡ್ಕಂಡು ಹೋಯ್ತವೆ” ಎಂದು ಅದಕ್ಕೂ ಒಂದು ಟಿಕೆಟ್ ಹರಿದು ಕೊಟ್ಟ.

ಬಾಳ್ಳುಪೇಟೆ ದಾಟಿದ ಮೇಲೆ ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಸುಖಾಸುಮ್ಮನೆ ಹಿಂದಿನ ದಿನದ ಮಾತು ನೆನಪಾಯಿತು. ಏನಾದರೂ ಆದರೆ. ಮನುಷ್ಯನಿಗೆ ಆಡುವುದಕ್ಕೆ ಬೇರೆ ಮಾತು ಸಿಗುವುದಿಲ್ಲವೇ ಎನ್ನಿಸಿತು. ನನ್ನ ಬಾಯಿಂದ ಒಂದು ಶಬ್ದ ಹೊರಬಿತ್ತು. ಪಕ್ಕದ ಸೀಟಿನವರು “ಏನಂದ್ರಿ?” ಎಂದರು. “ಏನಿಲ್ಲ, ಗಂಟಲು” ಎಂದೆ. ಅದು ಗಂಟಲಾಗಿರಲಿಲ್ಲ. ‘ಬಿಡ್ತು’ ಎಂದಿದ್ದೆ.

ಆಲೂರು ದೊಡ್ಡ ಊರಲ್ಲ. ಅಲ್ಲಿ ನಾಯಿಗೆ ಪಾರ್ಲರ್ ಎಲ್ಲಿದೆ ಎಂದು ಕೇಳಲು ನನಗೇ ನಾಚಿಕೆಯಾಗಿತ್ತು. ಕೇಳಬೇಕಾಗಿಯೇ ಬರಲಿಲ್ಲ. ಚೀಲದಿಂದ ಇಣುಕುತ್ತಿದ್ದ ಮೂತಿ ನೋಡಿ ಬೀಡಾ ಅಂಗಡಿಯವನು ತಾನಾಗಿಯೇ ಕೈ ತೋರಿಸಿದ. ಹಿಂದೆ ರಸಗೊಬ್ಬರದ ಅಂಗಡಿಯಾಗಿದ್ದ ಮಳಿಗೆ. ಶಾಂಪೂ ವಾಸನೆಯ ಕೆಳಗೆ ಹಳೆಯ ಯೂರಿಯಾ ವಾಸನೆ ಇನ್ನೂ ಉಳಿದಿತ್ತು. ಲವೀನಾ ಎಂಬ ಆ ಹೆಂಗಸು ಮಂಗಳೂರು ಕಡೆಯವರು, ಗಂಡ ಆಲೂರಿನ ಒಂದು ಬ್ಯಾಂಕಿನಲ್ಲಿ. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಇದೇ ಕೆಲಸ ಕಲಿತು ಸರ್ಟಿಫಿಕೇಟು ಪಡೆದಿದ್ದರು. ಅದನ್ನು ದೇವರ ಪಟದ ಪಕ್ಕ, ದೇವರಿಗಿಂತ ಸ್ವಲ್ಪ ಮೇಲೆ ತೂಗುಹಾಕಿದ್ದರು. ಯಾವುದೋ ಎಸ್ಟೇಟಿನ ಕಂದು ಬಣ್ಣದ ದೊಡ್ಡ ನಾಯಿಯೊಂದು ಸ್ನಾನ ಮುಗಿಸಿ, ಮದುವೆ ಮನೆಯ ಹಿರಿಯರ ಹಾಗೆ ಬೆಂಚಿನ ಮೇಲೆ ಕೂತಿತ್ತು.

ಲವೀನಾ ಚೀಲ ಬಿಚ್ಚಿ ನೋಡಿದರು. “ಎಂತ ಮಾರಾಯ್ರೆ ಇದು? ನಾಯಿಯಾ, ಕಂಬಳಿಯಾ?”

ನಾನು ಹಿನ್ನೆಲೆ ವಿವರಿಸತೊಡಗಿದೆ. ಮಗಳು, ಬಾಚಣಿಗೆ, ಮಳೆ.

“ಅಷ್ಟು ಉದ್ದ ಕಥೆ ಬೇಡ. ಕಚ್ತದಾ ಇಲ್ವಾ?”

“ಈವರೆಗೆ ಕಚ್ಚಿದ ವರದಿ ಇಲ್ಲ.”

ಮೊದಲ ವರದಿ ಆಗಲೇ ಸಿದ್ಧವಾಯಿತು. ಮೆಷಿನ್ ಗುಂಯ್ ಎಂದದ್ದೇ ತಡ, ಪಿಂಕಿ ಅವರ ತೋಳಿಗೆ ಬಾಯಿ ಹಾಕಿ, ಮೇಜಿನಿಂದ ಹಾರಿ, ಮೂಲೆಯ ಶಾಂಪೂ ಡಬ್ಬಗಳ ಹಿಂದೆ ತೂರಿಕೊಂಡಿತು. ಮೂತಿಗೆ ಪಟ್ಟಿ ಕಟ್ಟಲು ಹೋದರು, ಬಿಚ್ಚಿಹೋಯಿತು. ಟವೆಲು ಹೊದಿಸಲು ಹೋದರು, ಟವೆಲಿನ ಅಡಿಯಲ್ಲಿ ಪಿಂಕಿ ಇರಲಿಲ್ಲ. ತಮ್ಮ ಕೈಗೆ ಸಿಕ್ಕ ಯಾವ ನಾಯಿಯೂ ಹಾಗೇ ಮನೆಗೆ ಹೋದದ್ದಿಲ್ಲ ಎಂದು ಆರಂಭದಲ್ಲಿ ಹೇಳಿದ್ದ ಲವೀನಾ ಕೊನೆಗೆ ಸೊಂಟಕ್ಕೆ ಕೈ ಕೊಟ್ಟು ನಿಂತರು. “ಇವತ್ತು ಆಗುದಿಲ್ಲ. ಇನ್ನೊಂದು ದಿನ ತನ್ನಿ.”

“ಬಲಗಿವಿ ಹಿಂದೆ ಒಂದು ಸಲ ನೋಡಿ” ಎಂದೆ. ಅವರು ನೆಲಕ್ಕೆ ಮಂಡಿಯೂರಿ, ಡಬ್ಬಗಳ ಸಂದಿಯಲ್ಲಿ ಬಗ್ಗಿ ಮೂಸಿದರು. ಎದ್ದಾಗ ಮುಖದಲ್ಲಿ ನಗು ಇರಲಿಲ್ಲ.

“ಇಲ್ಲ, ಇದು ಇನ್ನೊಂದು ದಿನಕ್ಕೆ ಇಡುವ ಗಾಯ ಅಲ್ಲ. ಕೂತ್ಕೊಳ್ಳಿ. ನಾನು ಊಟ ಮಾಡ್ತೇನೆ. ಹಸಿವಿನಲ್ಲಿ ನನಗೆ ತಲೆ ಓಡುದಿಲ್ಲ.”

ನೆಲದ ಮೇಲೇ ಕೂತು ಡಬ್ಬಿ ತೆರೆದರು. ಕರಿದ ಬಂಗುಡೆ ಮೀನು. ಡಬ್ಬಗಳ ಹಿಂದಿನ ನಡುಕ ನಿಂತಿತು. ಕಪ್ಪು ಮೂಗೊಂದು ಮೆಲ್ಲಗೆ ಹೊರಗೆ ಬಂತು.

“ಮೀನು ತಿಂತದಾ?”

“ತಿನ್ನಲ್ಲ” ಎಂದೆ. “ನಾವು ಮೀನು ಮಾಂಸ ಮುಟ್ಟೋರಲ್ಲ. ಅದು ಹಾಲು ಅನ್ನದ್ದೇ ನಾಯಿ.”

“ಒಂದು ಸಲನಾದ್ರೂ ಕೊಟ್ಟಿದ್ದೀರಾ?”

“ಇಲ್ಲ.”

“ಮತ್ತೆ ತಿನ್ನುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?”

ಡೆಸ್ಕಿನಲ್ಲಿ ಕೂತು ನಾನು ಎಳೆಯ ವರದಿಗಾರರಿಗೆ ಹಾಕುತ್ತಿದ್ದ ಪ್ರಶ್ನೆ ಅದು. ಉತ್ತರ ಕೊಡುವ ಅಗತ್ಯವೂ ಬೀಳಲಿಲ್ಲ. ಎರಡು ದಿನದಿಂದ ಏನನ್ನೂ ಮುಟ್ಟದ ಪಿಂಕಿ ಲವೀನಾರ ಮಡಿಲಿಗೆ ಮುಂಗಾಲು ಇಟ್ಟು ಬಂಗುಡೆ ತಿನ್ನುತ್ತಿತ್ತು. ಮುಳ್ಳು ಬಿಡಿಸಿ ಬಿಡಿಸಿ ಕೊಡುತ್ತ, ಇನ್ನೊಂದು ಕೈಯಲ್ಲಿ ಅವರು ಸದ್ದಿಲ್ಲದ ಸಣ್ಣ ಕತ್ತರಿ ಎತ್ತಿಕೊಂಡರು. “ನೀವು ಹೊರಗೆ ಹೋಗಿ. ನಿಮ್ಮ ಮುಖ ನೋಡಿದ್ರೆ ನನಗೇ ಹೆದರಿಕೆ ಆಗ್ತದೆ” ಎಂದು ಬಾಗಿಲು ತೋರಿಸಿದರು.

ಜಗಲಿಯ ಮೇಲೆ ನಿಂತೆ. ಕೊಡೆ ಮಡಚಿಕೊಂಡು ಬಂದ ಹಿರಿಯರೊಬ್ಬರು ಒಳಗೆ ಇಣುಕಿದರು. “ನಾಯಿಗೆ ಚೌರನಾ? ಕಾಲ ಎಲ್ಲಿಗೆ ಬಂತು ಮಾರಾಯ! ಇವತ್ತು ಮಂಗಳವಾರ, ನಮ್ಮೂರಾಗೆ ಮನುಷ್ಯರಿಗೇ ಅಂಗಡಿ ಬಾಗ್ಲು ಹಾಕೈತೆ.” ಅಷ್ಟು ಹೇಳಿ ಅವರು ಹೋದರು. ಮಂಗಳವಾರ ಎಂಬುದು ನನಗೆ ಆ ತನಕ ಹೊಳೆದೇ ಇರಲಿಲ್ಲ. ಬಸುರಿಯ ಮನೆ, ತುಂಬಿದ ದಿನಗಳು, ಮಂಗಳವಾರ, ಮೇಲೆ ನನ್ನ ಬಾಯಿಂದ ಬಿದ್ದ ಮಾತು. ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೆರಳು ಮಡಚಿ ಅವುಗಳನ್ನು ಇನ್ನೊಮ್ಮೆ ಎಣಿಸಿದೆ.

ಲವೀನಾ ಕರೆದಾಗ ಒಳಗೆ ಹೋದೆ. ಮೇಜಿನ ಮೇಲೆ ಬೇರೆ ಯಾವುದೋ ಪ್ರಾಣಿ ನಿಂತಿತ್ತು, ಅಷ್ಟು ತೆಳ್ಳಗೆ, ಗುಲಾಬಿ ಬಣ್ಣದ ಚರ್ಮದೊಡನೆ. ಕಿವಿಯ ಹಿಂದಿನ ಗಾಯ ತೊಳೆದು ಮುಲಾಮು ಸವರಿದ್ದರು, ಹುಳ ಬಿದ್ದಿರಲಿಲ್ಲ. ನೆಲದ ತುಂಬ ಬಿಳಿ ಉಂಡೆಗಳು. ನೆತ್ತಿಯ ಮೇಲೆ, ಎರಡು ಕಿವಿಗಳ ನಡುವೆ ಮಾತ್ರ ಒಂದು ಹಿಡಿ ಕೂದಲು ಉಳಿದಿತ್ತು. ಅದಕ್ಕೂ ಕತ್ತರಿ ಇಡುವುದರಲ್ಲಿದ್ದರು.

“ಅದನ್ನು ಬಿಡಿ” ಎಂದೆ.

“ಅಲ್ಲಿಯೂ ಗಂಟು ಉಂಟು.”

“ಇರಲಿ. ಪೂರ್ತಿ ಬೋಳಾಗೋದು ಬೇಡ.”

“ಎಂತ, ಫ್ಯಾಶನಿಗಾ?”

ನನ್ನ ವಯಸ್ಸನ್ನೂ ತಲೆಯನ್ನೂ ಒಮ್ಮೆ ನೋಡಿದರು. “ಹೌದು, ಫ್ಯಾಶನ್” ಎಂದೆ. ಅವರು ಸಂತೋಷದಿಂದ ಆ ಕೂದಲನ್ನು ಮೇಲಕ್ಕೆ ಎತ್ತಿ ಒಂದು ಕೆಂಪು ರಬ್ಬರ್ ಬ್ಯಾಂಡ್ ಹಾಕಿದರು.

ದಾರಿಯುದ್ದಕ್ಕೂ ನನ್ನ ಸಮಾಧಾನವನ್ನು ಹೊಂದಿಸಿಕೊಂಡೆ. ಬೋಳು ಅಂದರೆ ಪೂರ್ತಿ ಬೋಳು. ಇಲ್ಲಿ ಕೂದಲಿದೆ. ಆದ್ದರಿಂದ ಇದು ಬೋಳಲ್ಲ. ಅತ್ತೆ ಕೇಳಿದರೆ ಈ ವಾದ ಮುಂದಿಡಬಹುದು. ಯಾರೂ ಕೇಳದಿದ್ದರೂ ನನ್ನ ಪಾಲಿಗೆ ಒಂದು ರಕ್ಷಣೆ.

ಮನೆಗೆ ಬಂದರೆ ಅತ್ತೆಯೇ ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಹಿಂದಿನ ದಿನದ ಬಿಗಿ ಇರಲಿಲ್ಲ. “ಬಂದ್ರಾ? ಕೊಡಿ ಇತ್ಲಾಗೆ. ಹುಡುಗಿ ಬೆಳಗಿಂದ ಅತ್ತೂ ಅತ್ತೂ ಕಣ್ಣು ಊದಿಸ್ಕಂಡವಳೆ. ಬಸುರಿ ಕಣ್ಣೀರು ಹಾಕಬಾರ್ದು ಅನ್ನೋದೂ ಶಾಸ್ತ್ರನೇ ಅಲ್ವಾ? ಕೂದ್ಲಿಗಿಂತ ಅದೇ ದೊಡ್ಡದು ಅಂತ ಶಾರದಂಗೆ ಆಗ್ಲೇ ಹೇಳ್ದೆ.” ನಾನು ಹಿಂದಿನ ದಿನ ವಾದಿಸಿ ಗೆಲ್ಲಲಾಗದ್ದನ್ನು ಅವರು ತಮ್ಮೊಳಗೇ ಇನ್ನೊಂದು ಶಾಸ್ತ್ರ ಹುಡುಕಿ ತೀರ್ಮಾನ ಮಾಡಿ ಮುಗಿಸಿದ್ದರು.

ಚೀಲದಿಂದ ಪಿಂಕಿ ಹೊರಗೆ ಬಂತು. ಆಶಾ ಅಳುತ್ತಲೇ ನಕ್ಕಳು. ಅತ್ತೆ ನೆತ್ತಿ ನೋಡಿದವರು ಎದೆಗೆ ಕೈ ಇಟ್ಟುಕೊಂಡರು.

“ಅಯ್ಯೋ ಶಿವನೇ! ಈ ಜುಟ್ಟು ಯಾಕೆ ಬುಟ್ಟವ್ರೆ?”

“ಫ್ಯಾಶನ್” ಎಂದೆ.

“ಎಂಥಾ ಫ್ಯಾಶನ್ನು? ಜುಟ್ಟು ಬುಟ್ಟು ಬೋಳಿಸೋದು ಸತ್ತೋರ ಕರ್ಮಕ್ಕೆ ಕೂತಾಗ ಕಣ್ರಪ್ಪ! ಪೂರ್ತಿ ತೆಗ್ಸಿದ್ರೆ ದೇವ್ರಿಗೆ ಮುಡಿ ಕೊಟ್ಟಂಗೆ, ಒಳ್ಳೇದು. ಇಷ್ಟು ವಯಸ್ಸಾಗೈತೆ, ಪೇಪರ್‌ನಾಗೆ ಅಷ್ಟುದ್ದ ಬರೀತೀರ, ಇಷ್ಟು ಗೊತ್ತಿಲ್ವಾ ನಿಮ್ಗೆ?”

ಗೊತ್ತಿರಲಿಲ್ಲ. ನಂಬಿಕೆಗಳನ್ನು ಟೀಕಿಸಲು ಅವುಗಳನ್ನು ತಿಳಿದಿರಬೇಕು ಎಂದು ನನಗೆ ಯಾವತ್ತೂ ತೋಚಿರಲಿಲ್ಲ. ಅತ್ತೆ ಶಾರದಾಳ ಹೊಲಿಗೆ ಡಬ್ಬದಿಂದ ಕತ್ತರಿ ತರಿಸಿದರು. ಪಿಂಕಿಯನ್ನು ಹಿಡಿದುಕೊಂಡವನು ನಾನು. ಹಿಡಿದ ಕೈ ಎಷ್ಟು ಆತುರದಲ್ಲಿತ್ತೆಂದರೆ ಶಾರದಾ, “ಮೆಲ್ಲಗೆ ಹಿಡೀರೀ, ಅದೇನು ಓಡ್ಹೋಗಲ್ಲ” ಎಂದಳು. ಜುಟ್ಟು ಬಿತ್ತು. ಪಿಂಕಿ ನೆಟ್ಟಗೆ ಹೋಗಿ ಹಾಲು ಅನ್ನದ ತಟ್ಟೆ ಮೂಸಿ, ಯಾರೋ ಮೋಸ ಮಾಡಿದರೆಂಬಂತೆ ನನ್ನನ್ನೇ ನೋಡಿತು. ಆಮೇಲೆ ತಿಂದಿತು. ಬಂಗುಡೆಯ ವಿಷಯ ಆ ಮನೆಯಲ್ಲಿ ನಾವಿಬ್ಬರೇ ಬಲ್ಲೆವು.

“ಮುಡಿ ಅಂದ್ಮೇಲೆ ಕೂದ್ಲು ಹರಿಯೋ ನೀರಿಗೆ ಬುಡ್ಬೇಕಿತ್ತು” ಎಂದರು ಅತ್ತೆ, ಕತ್ತರಿ ಒರೆಸುತ್ತ. “ಹೋಗ್ಲಿ ಬುಡಿ. ನಾಯಿ ಕೂದ್ಲಲ್ವಾ.”

ಅವರು ಅಷ್ಟಕ್ಕೆ ಬಿಟ್ಟರು. ನನ್ನ ಕೈಲಿ ಬಿಡಲಾಗಲಿಲ್ಲ. ಮರುದಿನ ಹಾಸನದಲ್ಲಿ ಕೆಲಸವಿದೆ ಎಂದು ಹೇಳಿ ಬಸ್ಸು ಹತ್ತಿ ಆಲೂರಿನಲ್ಲಿ ಇಳಿದೆ. ಲವೀನಾ ಗಾಬರಿಯಾದರು. “ಎಂತಾಯ್ತು, ಗಾಯ ಜಾಸ್ತಿಯಾ?”

“ಇಲ್ಲ, ಗಾಯ ಒಣಗ್ತಾ ಇದೆ. ಆ ಕೂದಲು ಇದೆಯೇ?”

“ಕೂದಲಾ? ಎಂತಕ್ಕೆ, ದಿಂಬು ಮಾಡ್ಲಿಕ್ಕಾ?”

ಅವರು ಹಿತ್ತಲಿನಿಂದ ಒಂದು ಗೊಬ್ಬರದ ಚೀಲ ಎಳೆದು ತಂದರು. ಅದರಲ್ಲಿ ಆ ವಾರ ಬಂದ ನಾಯಿಗಳೆಲ್ಲದರ ಕೂದಲೂ ಇತ್ತು, ಕಪ್ಪು, ಕಂದು, ಬಿಳಿ. “ನಿಮ್ಮದು ಯಾವುದು ಅಂತ ಆರಿಸಿಕೊಳ್ಳಿ” ಎಂದರು. ಬಿಳಿ ನಾಯಿ ಬೇರೆಯೂ ಒಂದು ಬಂದಿತ್ತಂತೆ. ಖಚಿತವಿಲ್ಲದಾಗ ಏನನ್ನೂ ಬಿಡಬಾರದು ಎಂದು ಇಡೀ ಚೀಲವನ್ನೇ ಹೊತ್ತುಕೊಂಡು ಬಂದೆ.

ಹೇಮಾವತಿ ಸೇತುವೆಯ ಮೇಲೆ ಗಾಳಿ ಎದುರಿಗಿತ್ತು. ಚೀಲ ಬಗ್ಗಿಸಿದೆ. ಒದ್ದೆ ಉಂಡೆಗಳು ಕೆಳಗೆ ಹೋದವು, ಬಿಡಿ ಕೂದಲು ತಿರುಗಿ ಬಂದು ನನ್ನ ಕನ್ನಡಕಕ್ಕೂ ಮೀಸೆಗೂ ಕೂತಿತು. ಸ್ಕೂಟರಿನಲ್ಲಿ ಹೋಗುತ್ತಿದ್ದ ಪರಿಚಯದ ಕಾಫಿ ವ್ಯಾಪಾರಿಯೊಬ್ಬರು ನಿಲ್ಲಿಸಿದರು. “ಏನ್ ಸಾರ್, ನದಿ ಮಾಲಿನ್ಯದ ಬಗ್ಗೆ ಸುದ್ದಿ ಮಾಡ್ತಾ ಇದ್ದೀರಾ?” ಹೌದೆಂದು ತಲೆಯಾಡಿಸಿದೆ. “ಬರೀರಿ ಸಾರ್, ಜನಕ್ಕೆ ಬುದ್ಧಿ ಇಲ್ಲ” ಎಂದು ಅವರು ಮುಂದೆ ಹೋದರು.

ಮನೆಯಲ್ಲಿ ಅತ್ತೆ ಕಾಫಿ ತಂದು ಮುಂದಿಟ್ಟರು. ನನ್ನ ಅಂಗಿಯ ತೋಳಿನಿಂದ ಒಂದು ಕಂದು ಕೂದಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಪಿಂಕಿಯ ಬಣ್ಣ ಅದಲ್ಲವೆಂದು ಅವರಿಗೆ ತಿಳಿಯದೆ ಇರಲಿಲ್ಲ. ಒಳಗಿನವರಿಗೆ ಕೇಳದಂತೆ ಕೇಳಿದರು. “ಬುಟ್ರಾ?”

“ಹೂಂ.”

“ಒಳ್ಳೇದಾಯ್ತು ಬುಡಿ. ಕಾಫಿ ಕುಡೀರಿ.”

ಕೆಲವು ದಿನಗಳಲ್ಲಿ ಆಶಾಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಆರೋಗ್ಯ. ಪಿಂಕಿಯ ಗಾಯ ಅಷ್ಟರಲ್ಲಿ ಮಾಗಿ ತೆಳು ಕೂದಲು ಬರತೊಡಗಿತ್ತು. ಅತ್ತೆ ಎಲ್ಲರಿಗೂ ಎಲ್ಲವನ್ನೂ ಹೇಳುವವರು. ಹೆತ್ತೂರಿನಲ್ಲಿ ಯಾರ ಮನೆಯ ಹಸು ಎಷ್ಟು ಹಾಲು ಕರೆಯುತ್ತದೆ ಎಂಬುದೂ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಸೇತುವೆಯ ಸಂಗತಿಯನ್ನು ಮಗಳಿಗೂ ಮೊಮ್ಮಗಳಿಗೂ ಕೊನೆಯವರೆಗೆ ಹೇಳಲಿಲ್ಲ. ನಂಬಿ ಹೇಳಿದವರ ಹೆಸರು ಬಿಟ್ಟುಕೊಡದಿರುವುದು ಪತ್ರಕರ್ತನ ಮೊದಲ ಧರ್ಮ ಎಂದು ನಾನು ಹೊಸಬರಿಗೆ ಪಾಠ ಮಾಡುತ್ತಿದ್ದೆ. ಅದನ್ನು ಸರಿಯಾಗಿ ಪಾಲಿಸಿದವರು ಅವರು. ಇಷ್ಟು ವರ್ಷದ ಮೇಲೆ ತಡೆಯಲಾರದೆ ಬರೆದು ಅಚ್ಚಿಗೆ ಕೊಟ್ಟವನು ನಾನು.